ಒಂದನೇ ತರಗತಿಗೆ ಟ್ಯಾಬ್ ಕೊಳ್ಳುವ ಮೊದಲು: ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರೇ,

ನಮಸ್ಕಾರ. ನಾನು ಒಂದನೇ ಮತ್ತು ಎರಡನೇ ತರಗತಿಗೆ ಪಾಠ ಮಾಡುವ ಶಿಕ್ಷಕಿ. ಚಿಕ್ಕ ಮಕ್ಕಳ ತರಗತಿಗೂ ಇಂಟರ್ನೆಟ್ ಬರಬೇಕು ಅನ್ನುವ ಮಾತು ಎದ್ದಾಗಲೆಲ್ಲ ಚರ್ಚೆ ನೇರವಾಗಿ ಟ್ಯಾಬ್ ಎಷ್ಟು ಬೇಕು, ಯಾವ ಕಂಪನಿಯದ್ದು ಅನ್ನುವಲ್ಲಿಗೆ ಹೋಗಿ ನಿಲ್ಲುತ್ತದೆ. ಇಂಟರ್ನೆಟ್ ಖಂಡಿತ ಬೇಕು. ಆದರೆ ಆರೇಳು ವರ್ಷದ ಮಕ್ಕಳ ಮಟ್ಟಿಗೆ ಅದು ಮೊದಲು ಬರಬೇಕಾದದ್ದು ಕಲಿಸುವವರ ಕೈಗೆ. ಜೊತೆಗೆ, ಅದನ್ನು ಬಳಸಲು ತಯಾರಾಗುವಷ್ಟು ಸಮಯವೂ ಅವರಿಗೆ ಸಿಗಬೇಕು.

ಬೀಜ ಮೊಳೆಯುವ ಪಾಠವನ್ನೇ ನೋಡಿ. ಗಾಜಿನ ಲೋಟದಲ್ಲಿ ಒದ್ದೆ ಹತ್ತಿ ಹಾಕಿ, ಕಾಳು ಇಟ್ಟು ಬೆಳೆಸುತ್ತೇವೆ. ಆದರೆ ಬೇರು ಹೊರಬರುವ ಗಳಿಗೆ ಯಾರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಯಾವಾಗಲೋ ಆಗಿಬಿಟ್ಟಿರುತ್ತದೆ. ಇಲ್ಲಿ ಇಂಟರ್ನೆಟ್ ನಿಜಕ್ಕೂ ಕೈಹಿಡಿಯಿತು. ಹಲವು ದಿನಗಳ ಬೆಳವಣಿಗೆಯನ್ನು ಒಂದೆರಡು ನಿಮಿಷಕ್ಕೆ ಇಳಿಸಿದ ಟೈಮ್‌ಲ್ಯಾಪ್ಸ್ ವಿಡಿಯೊ ಸಿಕ್ಕಿತು. ಕಾಳಿನ ಸಿಪ್ಪೆ ಬಿರಿಯುವ ಹೊತ್ತಿಗೆ ಸರಿಯಾಗಿ ವಿಡಿಯೊ ನಿಲ್ಲಿಸಿ, "ಮೊದಲು ಹೊರಗೆ ಬರೋದು ಏನು? ಎಲೆನಾ, ಬೇರಾ?" ಅಂತ ಕೇಳಿದೆ. ಜಾಸ್ತಿ ಮಕ್ಕಳು ಎಲೆ ಅಂದರು. ಮತ್ತೆ ಓಡಿಸಿದಾಗ ಬಿಳಿ ಬೇರು ಇಣುಕಿ, ಮೆಲ್ಲಗೆ ಕೆಳಗೆ ಬಾಗಿತು. ಎಲ್ಲರೂ ಎದ್ದು ನಿಂತಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನ ಒಬ್ಬ ಹುಡುಗ, "ಟೀಚರ್, ಲೋಟ ಮಲಗಿಸಿಟ್ರೆ?" ಅಂದ.

ಅದಕ್ಕೆ ಉತ್ತರ ಆ ವಿಡಿಯೊದಲ್ಲಿ ಇರಲಿಲ್ಲ. ಮೊಳಕೆ ಬಂದಿದ್ದ ಒಂದು ಲೋಟವನ್ನು ಕಿಟಕಿಯ ಹತ್ತಿರ ಮಲಗಿಸಿಟ್ಟೆವು. ಅಡ್ಡಕ್ಕೆ ಮಲಗಿದ್ದ ಬೇರಿನ ತುದಿ ನಿಧಾನವಾಗಿ ಮತ್ತೆ ನೆಲದ ಕಡೆ ತಿರುಗಿತು. ಮಕ್ಕಳು ಬಂದು ಬಂದು ನೋಡಿದರು, ಚಿತ್ರ ಬರೆದರು, ಬಿಟ್ಟ ಮೇಲೆ ಮನೆಯವರನ್ನು ಕರೆತಂದು ತೋರಿಸಿದರು. ವಿಡಿಯೊ ನೋಡಿದ್ದು ಕೆಲವೇ ನಿಮಿಷ, ಮಾತು ನಡೆದದ್ದು ವಾರವಿಡೀ. ಅದನ್ನೇ ಪ್ರತಿ ಮಗುವೂ ತನ್ನ ತನ್ನ ಟ್ಯಾಬ್‌ನಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ನೋಡಿದ್ದರೆ ಆ ಹುಡುಗನ ಪ್ರಶ್ನೆ ಯಾರ ಕಿವಿಗೂ ಬೀಳುತ್ತಿರಲಿಲ್ಲ.

ಆದರೆ ಆ ಒಂದು ವಿಡಿಯೊ ಹುಡುಕುವುದು ಸುಲಭದ ಕೆಲಸ ಅಲ್ಲ. ಒಂದರಲ್ಲಿ ಅರ್ಧ ಹೊತ್ತು ಸಬ್‌ಸ್ಕ್ರೈಬ್ ಮಾಡಿ ಅನ್ನುವ ಮಾತೇ. ಇನ್ನೊಂದರಲ್ಲಿ ನಡುವೆ ಜಾಹೀರಾತು. ಮತ್ತೊಂದರಲ್ಲಿ ಮಾತಿನ ವೇಗ ಚಿಕ್ಕ ಮಕ್ಕಳಿಗೆ ಹಿಡಿಯುವಂಥದ್ದಲ್ಲ. ಕೊನೆಯವರೆಗೆ ನೋಡದೆ ಯಾವುದನ್ನೂ ತರಗತಿಯಲ್ಲಿ ಹಾಕುವ ಹಾಗಿಲ್ಲ. ಆಟೊಪ್ಲೇ ಆಫ್ ಮಾಡಿರಬೇಕು, ಇಲ್ಲದಿದ್ದರೆ ಬೀಜದ ಪಾಠ ಮುಗಿಯುತ್ತಲೇ ಇನ್ನೇನೋ ಶುರುವಾಗುತ್ತದೆ. ನೆಟ್‌ವರ್ಕ್ ಕೈಕೊಟ್ಟು ಪರದೆಯ ಮೇಲೆ ಸುತ್ತುವ ಚಕ್ರ ಬಂದರಂತೂ ತರಗತಿ ಚದುರಿಹೋಯಿತು ಅಂತಲೇ ಲೆಕ್ಕ. ಹಾಗಾಗಿ ಡೌನ್‌ಲೋಡ್‌ಗೆ ಅನುಮತಿ ಇರುವ ವಿಡಿಯೊವನ್ನೇ ಹುಡುಕಿ ಮೊದಲೇ ಉಳಿಸಿಟ್ಟುಕೊಳ್ಳುತ್ತೇನೆ. ಈ ಕೆಲಸ ಈಗ ನಡೆಯುವುದು ರಾತ್ರಿ, ಮನೆಯಲ್ಲಿ, ನಮ್ಮದೇ ಮೊಬೈಲ್ ಡೇಟಾದಲ್ಲಿ. ವಾರಕ್ಕೆ ಕೆಲವು ಪೀರಿಯಡ್‌ಗಳನ್ನು ಇದಕ್ಕಾಗಿಯೇ ವೇಳಾಪಟ್ಟಿಯಲ್ಲಿ ಬಿಡಿಸಿಕೊಡಿ. ಒಬ್ಬರು ಹುಡುಕಿದ್ದು ಎಲ್ಲ ಶಾಲೆಯವರಿಗೂ ಸಿಗುವ ಹಾಗೆ ಒಂದು ಕಡೆ ಜೋಡಿಸಿಡುವ ವ್ಯವಸ್ಥೆ ಮಾಡಿ.

ಜಾಹೀರಾತಿನ ಮಾತು ಬಂತಲ್ಲ, ಅದನ್ನು ಸಣ್ಣ ಕಿರಿಕಿರಿ ಅಂತ ಬಿಡಬೇಡಿ. ಯಾವುದು ಕಥೆ, ಯಾವುದು ಮಾರುವ ಮಾತು ಅಂತ ಬೇರೆ ಮಾಡಿ ನೋಡುವುದು ಈ ವಯಸ್ಸಿನ ಮಕ್ಕಳಿಗೆ ಕಷ್ಟ. ಬಣ್ಣದ ಬಟನ್ ಕಂಡರೆ ಒತ್ತುತ್ತಾರೆ. ಇನ್ನು ಕಣ್ಣಿಗೆ ಕಾಣದ್ದು ಮಾಹಿತಿ ಸಂಗ್ರಹ. ಕೊರೊನಾ ಕಾಲದಲ್ಲಿ 49 ದೇಶಗಳ ಸರ್ಕಾರಗಳು ಮಕ್ಕಳ ಕಲಿಕೆಗೆ ಅಂತ ಒಪ್ಪಿದ ಆ್ಯಪ್ ಮತ್ತು ವೆಬ್‌ಸೈಟ್‌ಗಳನ್ನು ಹ್ಯೂಮನ್ ರೈಟ್ಸ್ ವಾಚ್ ಅನ್ನುವ ಮಾನವ ಹಕ್ಕು ಸಂಸ್ಥೆ ಪರಿಶೀಲಿಸಿ 2022ರಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ ಶೇ 89ರಷ್ಟು, ಮಕ್ಕಳ ಹಕ್ಕಿಗೆ ಧಕ್ಕೆ ತರುವ ಅಥವಾ ತರಬಹುದಾದ ರೀತಿಯಲ್ಲಿ ಮಾಹಿತಿ ನಿಭಾಯಿಸುತ್ತಿದ್ದವು. ಸರ್ಕಾರವೇ ಮುಂದೆ ನಿಂತು ಹೇಳಿದ ಆ್ಯಪ್ ಅಂದ ಮೇಲೆ ತಂದೆತಾಯಿ ನಂಬದೆ ಇರುತ್ತಾರಾ? ಖರೀದಿಯ ಷರತ್ತಿನಲ್ಲೇ ಇದು ಬರಬೇಕು: ಚಿಕ್ಕ ಮಕ್ಕಳಿಗೆ ಲಾಗಿನ್ ಬೇಡ, ಹೆಸರು, ಫೋಟೊ, ಧ್ವನಿ ಯಾವುದೂ ಬೇಡ, ಜಾಹೀರಾತಂತೂ ಬೇಡವೇ ಬೇಡ.

ಇದು ದುಬಾರಿ ಬೇಡಿಕೆಯೂ ಅಲ್ಲ. ಮಕ್ಕಳ ಪುಸ್ತಕ ಪ್ರಕಟಿಸುವ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟ್‌ನಲ್ಲಿ ಚಿತ್ರಗಳಿರುವ ಮಕ್ಕಳ ಕಥೆಗಳು ಉಚಿತವಾಗಿ ಸಿಗುತ್ತವೆ. ಮುಕ್ತ ಪರವಾನಗಿ ಇರುವುದರಿಂದ ಮುದ್ರಿಸಬಹುದು, ಅನುವಾದವನ್ನೂ ಮಾಡಬಹುದು. ಮನೆಮಾತು ಬೇರೆ ಇರುವ ಮಗುವಿಗೆ, ತರಗತಿಯಲ್ಲಿ ಎಲ್ಲರೂ ಓದಿದ ಅದೇ ಕಥೆಯನ್ನು ಅದರ ಭಾಷೆಯಲ್ಲಿ ಮುದ್ರಿಸಿ ಕೈಗಿಟ್ಟರೆ ಅದರ ಮುಖ ಅರಳುವುದನ್ನು ನೋಡಬೇಕು! ಹಾಗಾಗಿ ಇಂಟರ್ನೆಟ್‌ಗೆ ಅಂತ ಇಡುವ ಹಣದಲ್ಲಿ ಪ್ರಿಂಟರ್‌ಗೂ ಕಾಗದಕ್ಕೂ ಒಂದು ಪಾಲು ಇರಲಿ. 2014ರಲ್ಲಿ ಬಂದ, ಆಟದ ಹಾಗೆ ಪ್ರೋಗ್ರಾಮಿಂಗ್ ಕಲಿಸುವ ಸ್ಕ್ರ್ಯಾಚ್ ಜೂನಿಯರ್ ಆ್ಯಪ್ ಐದರಿಂದ ಏಳು ವರ್ಷದವರಿಗಾಗಿಯೇ ಮಾಡಿದ್ದು. ಓದಲು ಬಾರದ ಮಕ್ಕಳೂ ಚಿತ್ರದ ತುಣುಕು ಜೋಡಿಸಿ ಬೆಕ್ಕನ್ನು ಓಡಿಸುತ್ತಾರೆ. ಇಬ್ಬಿಬ್ಬರಿಗೆ ಒಂದು ಟ್ಯಾಬ್ ಕೊಟ್ಟರೆ ಮಾತಾಡಿಕೊಂಡೇ ಮಾಡುತ್ತಾರೆ. ಸಂಪರ್ಕವೇ ಇಲ್ಲದ ಶಾಲೆಗಳಿಗೆ ಕೊಲಿಬ್ರಿಯಂಥ ವ್ಯವಸ್ಥೆ ಇದೆ. ಶಾಲೆಯ ಒಂದು ಕಂಪ್ಯೂಟರ್‌ನಲ್ಲಿ ಒಮ್ಮೆ ತುಂಬಿಸಿಟ್ಟರೆ ಪಾಠದ ಸಾಮಗ್ರಿ ಇಂಟರ್ನೆಟ್ ಇಲ್ಲದೆಯೂ ಶಾಲೆಯೊಳಗೇ ಸಿಗುತ್ತದೆ.

ಇನ್ನೊಂದು ಮಾತು. ಪರದೆಯ ಮೇಲೆ ಪ್ರಾಣಿ ಕಂಡರೆ ಮಕ್ಕಳು ಮೊದಲು ಕೇಳುವುದು, "ಇದು ನಿಜಾನಾ ಟೀಚರ್?" ಎಐ ಬಿಡಿಸಿದ ಚಿತ್ರಗಳು ಹುಡುಕಾಟದಲ್ಲಿ ಸಿಗುತ್ತಿರುವಾಗ ಆ ಪ್ರಶ್ನೆಗೆ ಉತ್ತರಿಸಲು ನಮಗೇ ತರಬೇತಿ ಬೇಕು. ತರಬೇತಿ ಅಂದರೆ ಸಭಾಂಗಣದಲ್ಲಿ ಕೂರಿಸಿ ಸ್ಲೈಡ್ ತೋರಿಸುವುದು ಬೇಡ. ಚಿತ್ರ ಎಲ್ಲಿಂದ ಬಂತು, ಯಾರು ತೆಗೆದದ್ದು ಅಂತ ಪತ್ತೆ ಹಚ್ಚುವುದನ್ನು ನಮ್ಮದೇ ಪಾಠಗಳ ಮೇಲೆ ಮಾಡಿ ತೋರಿಸಿ. ನಾವು ಅದನ್ನೇ ಮಕ್ಕಳ ಎದುರು, ಜೋರಾಗಿ ಹೇಳಿಕೊಂಡು ಮಾಡುತ್ತೇವೆ.

ಯುನೆಸ್ಕೊದ 2023ರ ಜಾಗತಿಕ ಶಿಕ್ಷಣ ವರದಿ ಪೂರ್ತಿ ತಂತ್ರಜ್ಞಾನದ ಬಗ್ಗೆಯೇ ಇದೆ. ಶಿಕ್ಷಕರ ಜೊತೆಗಿನ ಮುಖಾಮುಖಿ ಒಡನಾಟಕ್ಕೆ ತಂತ್ರಜ್ಞಾನ ನೆರವಾಗಬೇಕು, ಅದರ ಜಾಗಕ್ಕೆ ಬರಬಾರದು ಅಂತ ಅದು ಹೇಳುತ್ತದೆ. ಮುಂದಿನ ಖರೀದಿಯ ಕಡತ ನಿಮ್ಮ ಮೇಜಿಗೆ ಬಂದಾಗ ಮೂರು ವಿಷಯ ಕೇಳಿ: ತಯಾರಿಗೆ ಸಮಯ ಯಾವ ಸಾಲಿನಲ್ಲಿದೆ? ಮಕ್ಕಳ ಮಾಹಿತಿ ಎಲ್ಲಿಗೆ ಹೋಗುತ್ತದೆ? ಒಂದನೇ ತರಗತಿಯ ಎಷ್ಟು ಶಿಕ್ಷಕರನ್ನು ಕೇಳಿ ಇದನ್ನು ಬರೆದಿದ್ದೀರಿ? ಉತ್ತರ ಇಲ್ಲದಿದ್ದರೆ ದಯವಿಟ್ಟು ಕಡತ ವಾಪಸ್ ಕಳಿಸಿ. ಪಟ್ಟಿ ತಯಾರಿಸಲು ಕೂರಿ ಅಂತ ಕರೆದರೆ ನಾವು ಬರುತ್ತೇವೆ.

ಇಂತಿ,
ಚಿಕ್ಕ ಮಕ್ಕಳ ಒಬ್ಬ ಶಿಕ್ಷಕಿ