ಇಪ್ಪತ್ತು ವರ್ಷ ನಿಂತ ಕಾರು ಓಡೀತೆ?

ಸಂಪಾದಕರೇ,

ಜನ ಅಳಿದುಳಿದ ಭೂಮಿಯ ಕಾಮಿಕ್ಸ್‌ಗಳಲ್ಲಿ ಒಂದು ಎಡವಟ್ಟು ಪದೇ ಪದೇ ಕಾಣುತ್ತದೆ: ಇಪ್ಪತ್ತು ವರ್ಷ ನಿಂತ ಕಾರು ಕೀಲಿ ತಿರುಗಿಸಿದ ಕೂಡಲೇ ಹೊರಡುತ್ತದೆ! ಪೆಟ್ರೋಲ್‌ನ ಹಗುರ ಅಂಶ ಆವಿಯಾಗುತ್ತದೆ, ಉಳಿದದ್ದು ಗಾಳಿಯ ಆಮ್ಲಜನಕ ಹೀರಿ ಗೋಂದಿನಂತಾಗಿ, ಎಂಜಿನ್ನಿಗೆ ಪೆಟ್ರೋಲ್ ಹಾಯಿಸುವ ಸಣ್ಣ ತೂತುಗಳನ್ನು (ಜೆಟ್ಟು, ಇಂಜೆಕ್ಟರು) ಮುಚ್ಚಿಬಿಡುತ್ತದೆ. ಎಥೆನಾಲ್ ಬೆರೆತಿದ್ದರೆ ತೇವ ಎಳೆದುಕೊಂಡು ನೀರು ತಳಕ್ಕಿಳಿಯುತ್ತದೆ. ವರ್ಷ ದಾಟಿದ ಪೆಟ್ರೋಲ್ ನಂಬುವಂತಿಲ್ಲ. ಬ್ಯಾಟರಿಯಂತೂ ತಿಂಗಳುಗಳಲ್ಲೇ ಸತ್ತಿರುತ್ತದೆ.

ಹಿತೋಶಿ ಆಶಿನಾನೊ ಅವರ ಜಪಾನಿ ಕಾಮಿಕ್ಸ್ 'ಯೊಕೊಹಾಮಾ ಕೈದಾಶಿ ಕಿಕೋ' (1994–2006) ಇಲ್ಲಿ ಜಾಣತನ ತೋರಿದೆ. ಸಮುದ್ರವೇರಿ ಊರುಗಳು ಮುಳುಗಿವೆ. ಕಾಫಿ ಅಂಗಡಿಯ ರೋಬಾಟ್ ಹುಡುಗಿ ಆಲ್ಫಾ ಸ್ಕೂಟರಿನಲ್ಲಿ ತಿರುಗುತ್ತಾಳೆ. ಆದರೆ ಪೆಟ್ರೋಲ್ ಬಂಕಿನ ಮುದುಕನೂ ಕಥೆಯಲ್ಲಿದ್ದಾನೆ. ಅಂದರೆ ಹೊಸ ಪೆಟ್ರೋಲ್ ಇನ್ನೂ ಸಿಗುತ್ತದೆ; ಜನ ಕಮ್ಮಿ, ಅಷ್ಟೆ.

ಕಟ್ಟಡ ಕುಸಿಯುವ ಬಗೆಗೆ ಎಲ್ಲರೂ ಚೆರ್ನೋಬಿಲ್ ಅಣು ದುರಂತದಿಂದ 1986ರಲ್ಲಿ ತೆರವಾದ ಯುಕ್ರೇನಿನ ಊರು ಪ್ರಿಪ್ಯಾತ್‌ನ ಚಿತ್ರ ನೋಡಿ ಬರೆಯುತ್ತಾರೆ. ಅಲ್ಲಿ ಬಿರುಕಿನ ನೀರು ಹೆಪ್ಪುಗಟ್ಟಿ, ಹಿಗ್ಗಿ ಗೋಡೆ ಸೀಳುತ್ತದೆ. ಪಾಳುಬಿದ್ದ ಬೆಂಗಳೂರಿಗೆ ಅದು ಹೊಂದದು. ಇಲ್ಲಿ ಹಕ್ಕಿ ಹಿಕ್ಕೆಯ ಅರಳಿ ಬೀಜ ತಾರಸಿಯ ನೀರಿನ ಪೈಪು ಗೋಡೆ ಸೇರುವ ಸಂದಿನಲ್ಲಿ ಮೊಳೆತು, ಬೇರು ಗಾರೆಯೊಳಗೆ ಇಳಿಯುತ್ತದೆ. ಕಲಾವಿದರು ಮೊದಲ ಎಲೆಯನ್ನು ಅಲ್ಲೇ ಬಿಡಿಸಲಿ.