ಸಾಮಾನು ಕೈಕೊಡದಂತೆ ನೋಡಿಕೊಂಡವರಿಗೆ

ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬಗ್ಗೆ, ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಅಲ್ಲಿ ಓದಿದವರ ಬಗ್ಗೆ ನಾವು ಮಾಡುತ್ತಿದ್ದ ಸಾಕ್ಷ್ಯಚಿತ್ರ ಮುಗಿದಿದೆ. ಮಾಟುಂಗದಲ್ಲಿ ಮೊದಲ ಪ್ರದರ್ಶನವೂ ಆಯಿತು. ಬೆನ್ನಿಗೆ ಯಾವ ನಿರ್ಮಾಣ ಸಂಸ್ಥೆಯೂ ಇಲ್ಲದೆ ಮಾಡಿದ ಚಿತ್ರ ಇದು. ಕೊನೆಯ ಹೆಸರುಪಟ್ಟಿಯಲ್ಲಿ ಒಂದೊಂದೇ ಸಾಲು ಸಿಕ್ಕವರಿಗೆ, "ನಮ್ಮ ಹೆಸರೆಲ್ಲ ಯಾಕೆ ಮಾರಾಯ್ರೆ" ಎಂದು ತೆಗೆಸಿದವರಿಗೆ ಇಲ್ಲಿ ವಂದನೆ ಹೇಳುತ್ತಿದ್ದೇವೆ. ಯಾರು ಏನು ಮಾಡಿದರು ಎಂಬುದನ್ನು ಬಿಡಿಸಿ ಬರೆದಿದ್ದೇವೆ. ಊರಿನಿಂದ ಬಂದು ಅಂಧೇರಿಯಲ್ಲಿ ರೂಮು ಮಾಡಿಕೊಂಡು "ಯಾವ ಕ್ಯಾಮೆರಾ ತಗೊಳ್ಳಲಿ?" ಎಂದು ಕೇಳುವ ಹುಡುಗ ಹುಡುಗಿಯರಿಗೂ ಇದು ಉಪಯೋಗಕ್ಕೆ ಬರಲಿ.

ಮೊದಲ ನಮಸ್ಕಾರ ನಮ್ಮ ಖರ್ಚಿನ ಪಟ್ಟಿಯನ್ನು ತಲೆಕೆಳಗು ಮಾಡಿದ ಹಿರಿಯ ಛಾಯಾಗ್ರಾಹಕರಿಗೆ. ಬೇಗ ಹಳತಾಗುವುದನ್ನು ಬಾಡಿಗೆಗೆ ತನ್ನಿ, ಹಳತಾಗದ್ದನ್ನು ಕೊಳ್ಳಿ ಎಂದವರು ಅವರು. ಕ್ಯಾಮೆರಾ ಮೂರು ನಾಲ್ಕು ವರ್ಷಕ್ಕೆ ಹಿಂದೆ ಬೀಳುತ್ತದೆ. ಒಳ್ಳೆಯ ಫ್ಲೂಯಿಡ್ ಹೆಡ್ (ಕ್ಯಾಮೆರಾವನ್ನು ನಯವಾಗಿ ತಿರುಗಿಸಲು, ಬಾಗಿಸಲು ಬಿಡುವ ಮೇಲ್ಭಾಗ) ಇರುವ ಟ್ರೈಪಾಡ್ ಹಾಗಲ್ಲ. ಅದು ನಾಲ್ಕು ಕ್ಯಾಮೆರಾಗಳನ್ನು ಕಂಡು ಮುಗಿಸುತ್ತದೆ. ಸೆನ್‌ಹೈಸರ್ ಎಂಕೆಎಚ್ 416 ಎಂಬ ಶಾಟ್‌ಗನ್ ಮೈಕ್ (ಉದ್ದ ಕೊಳವೆಯದು, ಮುಂದಿನ ಧ್ವನಿಯನ್ನೇ ಹೆಚ್ಚಾಗಿ ಹಿಡಿಯುವಂಥದ್ದು) 1970ರ ದಶಕದಿಂದ ಬಳಕೆಯಲ್ಲಿದೆ, ಇಂದಿಗೂ ಕೆಲಸಕ್ಕೆ ಬರುತ್ತದೆ. ಹೀಗಾಗಿ ನಾವು ಕೊಂಡದ್ದು 75 ಎಂಎಂ ಬೌಲಿನ (ಹೆಡ್ ಕೂರುವ ಬಟ್ಟಲಿನ ಅಳತೆ ಅದು) ಟ್ರೈಪಾಡ್, 416, ಝೂಮ್ ಎಫ್6 ಧ್ವನಿ ರೆಕಾರ್ಡರ್, ಬ್ಯಾಟರಿ, ಕಾರ್ಡು, ಡ್ರೈವು, ಮತ್ತು ಚಿಕ್ಕದೊಂದು ಸೋನಿ ಎಫ್‌ಎಕ್ಸ್30 ಕ್ಯಾಮೆರಾ. ದೊಡ್ಡ ಕ್ಯಾಮೆರಾ, ಪ್ರೈಮ್ (ಝೂಮ್ ಆಗದ) ಲೆನ್ಸು, ಲೈಟುಗಳೆಲ್ಲ ಬೇಕಾದ ದಿನಕ್ಕೆ ಬಾಡಿಗೆಗೆ ಬಂದವು.

ಟ್ರೈಪಾಡ್ ಕೊಳ್ಳುವಾಗ ನೋಡುವ ಕ್ರಮವನ್ನೂ ಅವರೇ ಕಲಿಸಿದರು. ಕ್ಯಾಮೆರಾ, ಲೆನ್ಸು, ಮಾನಿಟರ್, ಬ್ಯಾಟರಿ ಎಲ್ಲ ಕೂಡಿಸಿದ ತೂಕದಲ್ಲೇ ಹೆಡ್ ಪರೀಕ್ಷಿಸಬೇಕು. ಮುಂದಕ್ಕೆ ಸುಮಾರು 45 ಡಿಗ್ರಿ ಬಾಗಿಸಿ ಕೈ ಬಿಡಿ. ಅಲ್ಲೇ ನಿಂತರೆ ಕೌಂಟರ್‌ಬ್ಯಾಲೆನ್ಸ್, ಅಂದರೆ ಭಾರವನ್ನು ತೂಗಿ ಹಿಡಿಯುವ ಒಳಗಿನ ಸ್ಪ್ರಿಂಗ್, ಸರಿಯಿದೆ. ಮುಂದೆ ಜಾರಿದರೆ ಹೆಡ್ಡಿಗೆ ಭಾರ ಹೆಚ್ಚು, ತಾನೇ ಮೇಲೆದ್ದರೆ ಸ್ಪ್ರಿಂಗ್ ಹೆಚ್ಚು. ಡ್ರ್ಯಾಗ್ (ಚಲನೆಗೆ ತಡೆ ಕೊಡುವ ಗುಂಡಿ) ಬಿಗಿ ಮಾಡಿ ಇದನ್ನು ಮರೆಸಿದರೆ ಟಿಲ್ಟ್ (ಮೇಲೆ ಕೆಳಗೆ ಬಾಗಿಸುವುದು) ನಿಲ್ಲಿಸುವಾಗಲೆಲ್ಲ ಫ್ರೇಮು ಹಿಂದಕ್ಕೆ ಜಗ್ಗುತ್ತದೆ.

ಬಾಡಿಗೆಗೆ ತಂದ ದೊಡ್ಡ ಕ್ಯಾಮೆರಾ ಸೋನಿ ಎಫ್‌ಎಕ್ಸ್6. ಅದಕ್ಕೆ ಎರಡು ಕಾರಣ. ರಾತ್ರಿಶಾಲೆಯ ತರಗತಿಯಲ್ಲಿ ಎರಡು ಟ್ಯೂಬ್‌ಲೈಟು ಬಿಟ್ಟರೆ ಬೆಳಕಿಲ್ಲ, ಬೆಳಕು ಹಾಕಿದರೆ ಮಕ್ಕಳು ಮಕ್ಕಳಾಗಿ ಇರುವುದಿಲ್ಲ. ಎಫ್‌ಎಕ್ಸ್30ರ ಬೇಸ್ ಐಎಸ್‌ಒ (ಚಿತ್ರ ಅತಿ ಸ್ವಚ್ಛವಾಗಿ ಬರುವ ಬೆಳಕಿನ ಸಂವೇದನೆಯ ಮಟ್ಟ) 800 ಮತ್ತು 2500. ಎಫ್‌ಎಕ್ಸ್6ರದು 800 ಮತ್ತು 12800, ಹಾಗಾಗಿ ಮಂದ ಬೆಳಕಿಗೆ ಅದೇ ಮೇಲು. ಎರಡನೆಯ ಕಾರಣ ಅದರೊಳಗಿನ ಎಲೆಕ್ಟ್ರಾನಿಕ್ ಎನ್‌ಡಿ, ಅಂದರೆ ಒಳಬರುವ ಬೆಳಕು ತಗ್ಗಿಸುವ ಫಿಲ್ಟರ್. ಬೆಳಕಿನ 1/4ರಿಂದ 1/128 ಭಾಗದವರೆಗೆ ಚಕ್ರ ತಿರುಗಿಸಿದಷ್ಟೇ ಮೃದುವಾಗಿ ಬದಲಾಗುತ್ತದೆ. ಬಿಸಿಲಿನ ಬೀದಿಯಿಂದ ಹೋಟೆಲಿನ ಅಡುಗೆಮನೆಗೆ ಕ್ಯಾಮೆರಾ ಹಿಂಬಾಲಿಸುವಾಗ ಫಿಲ್ಟರ್ ಬದಲಿಸಲು ನಿಲ್ಲಬೇಕಾಗಿಲ್ಲ. ಲೆನ್ಸಿನ ಮುಂದೆ ಹಾಕುವ ಅಗ್ಗದ ವೇರಿಯಬಲ್ ಎನ್‌ಡಿಯನ್ನು ತೀರಾ ಕೊನೆಯವರೆಗೆ ತಿರುಗಿಸಿದರೆ ಫ್ರೇಮಿನಲ್ಲಿ ಎಕ್ಸ್ ಆಕಾರದ ಕಪ್ಪು ನೆರಳು ಬೀಳುತ್ತದೆ. ಅಗಲದ ಲೆನ್ಸಿನಲ್ಲಿ ಇದು ಇನ್ನೂ ಬೇಗ ಕಾಣುತ್ತದೆ.

ಅಂಧೇರಿ ಪಶ್ಚಿಮದ ಬಾಡಿಗೆ ಅಂಗಡಿಗಳ ಅಟೆಂಡೆಂಟ್‌ಗಳಿಗೆ ನಮ್ಮ ದೊಡ್ಡ ಸಾಲವಿದೆ. ಚಿತ್ರರಂಗದಲ್ಲಿ ಇವರನ್ನು ಹೊಗಳಿ ಬರೆದದ್ದು ಕಡಿಮೆ, ಆದರೆ ಸಾಮಾನು ನಿಂತಿರುವುದೇ ಇವರ ಕೈಯಲ್ಲಿ. ಅವರಲ್ಲಿ ಕಾರ್ಕಳ ಕಡೆಯ ಅಣ್ಣ ಒಬ್ಬರು ಲೆನ್ಸು ಕೊಡುವ ಮೊದಲು ಮಾಡುವ ಪರೀಕ್ಷೆಯನ್ನು ಹಾಗೇ ಬರೆಯುತ್ತೇವೆ. ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಸಣ್ಣ ಟಾರ್ಚನ್ನು ಓರೆಯಾಗಿ ಹಿಡಿದು, ಮುಂದಿನಿಂದ ನೋಡುತ್ತಾರೆ. ಧೂಳಾದರೆ ಬಿಡಿ ಚುಕ್ಕಿ. ಅದರಿಂದ ಚಿತ್ರಕ್ಕೆ ಏನೂ ಆಗುವುದಿಲ್ಲ. ಫಂಗಸ್ ಆದರೆ ಜೇಡರ ಬಲೆಯಂಥ ಎಳೆಗಳು, ಹೆಚ್ಚಾಗಿ ಅಂಚಿನಿಂದ ಒಳಕ್ಕೆ ಹಬ್ಬಿರುತ್ತವೆ. ಎದುರು ಬೆಳಕಿನಲ್ಲಿ ಆ ಲೆನ್ಸು ಮಸುಕಾಗುತ್ತದೆ. ಆಮೇಲೆ ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸಿ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲುಗಿಸುತ್ತಾರೆ. ಕಟಕಟ ಎಂದರೆ ಮೌಂಟಿನ ತಿರುಪು ಸಡಿಲ. ಅಡಾಪ್ಟರ್ ಹಾಕಿದ ಹಳೆಯ ಲೆನ್ಸಾದರೆ ದೂರದ ಕಟ್ಟಡದ ದೀಪಕ್ಕೆ ಫೋಕಸ್ ಹಿಡಿಯುತ್ತಾರೆ. ಅಡಾಪ್ಟರ್ ಇರಬೇಕಾದ್ದಕ್ಕಿಂತ ಕೂದಲೆಳೆ ದಪ್ಪವಿದ್ದರೂ ದೂರದ್ದು ಎಂದೂ ಫೋಕಸ್ಸಿಗೆ ಬರುವುದಿಲ್ಲ. ತೆಳ್ಳಗಿದ್ದರೆ ಬರುತ್ತದೆ, ಆದರೆ ಲೆನ್ಸಿನ ಮೇಲಿನ ಅಳತೆ ಗುರುತುಗಳು ಸುಳ್ಳಾಗುತ್ತವೆ.

ಸೆನ್ಸರಿನ ಪರೀಕ್ಷೆಯೂ ಅವರದೇ. ಕ್ಯಾಪ್ ಹಾಕಿ, ಐಎಸ್‌ಒ ಏರಿಸಿ, ಕಪ್ಪು ಪರದೆಯಲ್ಲಿ ಹೊಳೆಯುವ ಚುಕ್ಕಿ ಹುಡುಕುವುದು. ಅಂಥವು ಸಾಮಾನ್ಯವಾಗಿ ಪಿಕ್ಸೆಲ್ ಮ್ಯಾಪಿಂಗ್ (ಕೆಟ್ಟ ಚುಕ್ಕಿಗಳನ್ನು ಕ್ಯಾಮೆರಾವೇ ಮರೆಮಾಡುವ ಕ್ರಮ) ಮಾಡಿದರೆ ಹೋಗುತ್ತವೆ. ಬಳಿಕ ಎಫ್/16ಕ್ಕೆ ಮುಚ್ಚಿ ಬಿಳಿ ಗೋಡೆಗೆ ಹಿಡಿಯುವುದು. ಮಸುಕು ಚುಕ್ಕಿ ಧೂಳು, ಒರೆಸಿದರೆ ಹೋಗುತ್ತದೆ. ಬಣ್ಣದ ನೇರ ಗೆರೆ ಕಂಡರೆ ಆ ಕ್ಯಾಮೆರಾ ತೆಗೆದುಕೊಳ್ಳಬೇಡಿ. ಅದು ಲೇಸರ್ ಸುಟ್ಟ ಗಾಯ. ಗಣಪತಿ ವಿಸರ್ಜನೆಯ ಮೆರವಣಿಗೆಯಲ್ಲಿ, ಮದುವೆ ಡಿಜೆಗಳಲ್ಲಿ ಬಿಡುವ ಲೇಸರ್ ಕಿರಣ ಒಂದು ಕ್ಷಣ ನೇರ ಲೆನ್ಸಿಗೆ ಹೊಕ್ಕರೂ ಸೆನ್ಸರ್ ಹಾಳಾಗಬಹುದು, ಸೆನ್ಸರ್ ಬದಲಿಸದೆ ಅದು ಹೋಗುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಂತೂ ಇದನ್ನು ಬಿಡಲೇಬಾರದು. ಚಲನ್‌ಗೆ (ಸಾಮಾನು ಪಡೆದ ಚೀಟಿ) ಸಹಿ ಹಾಕುವ ಮೊದಲು ಪ್ರತಿ ಸಾಮಾನಿನ ಸೀರಿಯಲ್ ನಂಬರ್ ತಾಳೆ ನೋಡಿ, ಇರುವ ಗೀರುಗಳ ಫೋಟೋ ತೆಗೆದಿಡಿ, ಶಿಫ್ಟ್ ಎಂದರೆ ಎಷ್ಟು ಗಂಟೆ, ಅದು ಅಂಗಡಿಯಿಂದ ಅಂಗಡಿಗೋ ಲೊಕೇಶನ್ನಿಂದ ಲೊಕೇಶನ್ನಿಗೋ ಎಂಬುದನ್ನೂ ಬರೆಸಿ.

ಇನ್ನೊಂದು ಪಾಠ ಅವರಿಂದಲೇ ಬಂದದ್ದು, ಹೊಸಬರಿಗೆ ಯಾರೂ ಹೇಳುವುದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತೇವೆ. ಕ್ಯಾಮೆರಾದ ಬ್ಯಾಟರಿಯಿಂದಲೇ ಡಿ-ಟ್ಯಾಪ್ (ಬ್ಯಾಟರಿಯ ಮೇಲಿನ ಪವರ್ ಸಾಕೆಟ್) ಮೂಲಕ ಮಾನಿಟರಿಗೆ ಕರೆಂಟು ಕೊಟ್ಟು, ಚಿತ್ರ ಒಯ್ಯುವ ಎಸ್‌ಡಿಐ ಕೇಬಲ್ಲನ್ನೂ ಹಾಕುವಾಗ, ಮೊದಲು ಪವರ್, ಆಮೇಲೆ ಎಸ್‌ಡಿಐ. ತೆಗೆಯುವಾಗ ಮೊದಲು ಎಸ್‌ಡಿಐ, ಆಮೇಲೆ ಪವರ್. ಇದು ಅದಲುಬದಲಾದರೆ, ಅಥವಾ ಪವರ್ ಕೇಬಲ್ಲಿನ ನೆಗೆಟಿವ್ ತಂತಿ ಒಳಗೇ ತುಂಡಾಗಿದ್ದರೆ, ಮಾನಿಟರಿಗೆ ಹೋಗುವ ಕರೆಂಟು ಎಸ್‌ಡಿಐ ಕೇಬಲ್ಲಿನ ಹೊರಕವಚದ ದಾರಿ ಹಿಡಿದು ಕ್ಯಾಮೆರಾದ ಎಸ್‌ಡಿಐ ಬೋರ್ಡನ್ನೇ ಸುಡಬಹುದು. ಲ್ಯಾಮಿಂಗ್ಟನ್ ರೋಡಿನಲ್ಲಿ ನಮಗೆ ಕೇಬಲ್ ಮಾಡಿಕೊಟ್ಟ ಕುಶಲಕರ್ಮಿಗೆ ಇದಕ್ಕಾಗಿಯೇ ವಿಶೇಷ ವಂದನೆ. ಅವರು ಬೆಸುಗೆ ಹಾಕಿದ ಪ್ರತಿ ತುದಿಯನ್ನೂ ಬಗ್ಗಿಸಿ, ತಿರುಚಿ, ಮೀಟರಿನಲ್ಲಿ ನೋಡಿಯೇ ಕೈಗೆ ಕೊಡುತ್ತಾರೆ.

ಧ್ವನಿಗೆ ಬರುತ್ತೇವೆ. ಚಿತ್ರ ನೋಡಿದವರು "ಮಾತೆಲ್ಲ ಎಷ್ಟು ಸ್ಪಷ್ಟ" ಎಂದಾಗಲೆಲ್ಲ ನಮ್ಮ ಸೌಂಡ್ ರೆಕಾರ್ಡಿಸ್ಟ್ ಅಕ್ಕನಿಗೆ ಸಲ್ಲಬೇಕಾದ ಮೆಚ್ಚುಗೆ ಅದು. ಹೊರಗಡೆ 416. ಅದು ಆರ್‌ಎಫ್ ಕಂಡೆನ್ಸರ್ ಮಾದರಿಯದಾದ್ದರಿಂದ ಮುಂಬಯಿಯ ಮಳೆಗಾಲದ ತೇವಕ್ಕೆ ಜಗ್ಗುವುದಿಲ್ಲ. ಸಾಧಾರಣ ಕಂಡೆನ್ಸರ್ ಮೈಕುಗಳು ಅಂಥ ಹವೆಯಲ್ಲಿ ಚಟಪಟ ಎನ್ನತೊಡಗುತ್ತವೆ. ಆದರೆ ನಾಲ್ಕು ಗೋಡೆಯ ಬೋಳು ತರಗತಿಯೊಳಗೆ ಅದೇ 416 ಬೇಡ. ಶಾಟ್‌ಗನ್ ಮೈಕಿನ ಕೊಳವೆ ಪಕ್ಕದಿಂದ ಬರುವ ಪ್ರತಿಧ್ವನಿಯ ಬಣ್ಣಗೆಡಿಸುತ್ತದೆ, ಮಾತು ಡಬ್ಬಿಯೊಳಗಿಂದ ಬಂದಂತಾಗುತ್ತದೆ. ಒಳಗೆ ಅಕ್ಕ ಬಳಸಿದ್ದು ಎಂಕೆಎಚ್ 50 ಎಂಬ, ಆ ಉದ್ದ ಕೊಳವೆಯಿಲ್ಲದ ಮೈಕ್. ಜೊತೆಗೆ ನೆಲಕ್ಕೆ ಜಮಖಾನ, ಕ್ಯಾಮೆರಾ ಹಿಂದಿನ ಗೋಡೆಗೆ ದಪ್ಪ ಕಂಬಳಿ.

ಉಡುಪಿ ಹೋಟೆಲಿನ ಒಳಗಿನ ಸಂದರ್ಶನಗಳಿಗೆ ಅವರು ಹೆಚ್ಚು ದುಡಿದರು. ಹಿಟ್ಟು ರುಬ್ಬುವ ಗ್ರೈಂಡರ್, ಎಕ್ಸಾಸ್ಟ್ ಫ್ಯಾನು, ಫ್ರಿಜ್ಜು, ಈ ಮೂರರ ಗುಂಯ್‌ಗುಟ್ಟುವಿಕೆ ಮಾತಿನ ತಳದಲ್ಲೇ ಕೂರುತ್ತದೆ. ಸಾಫ್ಟ್‌ವೇರಿನಲ್ಲಿ ತೆಗೆಯಹೋದರೆ ಮಾತಿನ ಗಟ್ಟಿತನವೂ ಹೋಗುತ್ತದೆ. ಫ್ರಿಜ್ಜಿನ ಸ್ವಿಚ್ ಆರಿಸಿದಾಗ ಅಕ್ಕ ತಮ್ಮ ಸ್ಕೂಟರಿನ ಕೀಲಿಯನ್ನು ಫ್ರಿಜ್ಜಿನೊಳಗೇ ಇಡುತ್ತಾರೆ. ಮನೆಗೆ ಹೊರಡಬೇಕಾದರೆ ಕೀಲಿ ಬೇಕು, ಕೀಲಿ ತೆಗೆದಾಗ ಸ್ವಿಚ್ ನೆನಪಾಗುತ್ತದೆ, ಯಜಮಾನರ ಹಾಲು ಮೊಸರು ಕೆಡುವುದಿಲ್ಲ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತನ್ನು ನಮಗಾಗಿ ಬಿಟ್ಟುಕೊಟ್ಟ, ಗ್ರೈಂಡರ್ ನಿಲ್ಲಿಸಿದ ಹೋಟೆಲು ಯಜಮಾನರಿಗೂ ಕೆಲಸದವರಿಗೂ ಕೈಮುಗಿಯುತ್ತೇವೆ. ವ್ಯಾಪಾರದ ಹೊತ್ತನ್ನು ಪರರಿಗೆ ಕೊಡುವುದು ಸಣ್ಣ ಮಾತಲ್ಲ.

32 ಬಿಟ್ ಫ್ಲೋಟ್ (ತೀರಾ ಮೆಲ್ಲಗಿನ, ತೀರಾ ಜೋರಿನ ಧ್ವನಿ ಎರಡನ್ನೂ ಕೆಡದಂತೆ ಬರೆದಿಡುವ ಕ್ರಮ) ಇದ್ದರೆ ಲೆವೆಲ್ ನೋಡಬೇಕಿಲ್ಲ ಎಂಬ ನಂಬಿಕೆ ಈಗ ಹರಡಿದೆ. ಎಫ್6ರಲ್ಲಿ ಅದು ನಿಜ, ಆದರೆ ತಂತಿಯಿಂದ ಬಂದ ಮೈಕಿಗೆ ಮಾತ್ರ. ಅಂಗಿಗೆ ಸಿಕ್ಕಿಸುವ ವೈರ್‌ಲೆಸ್ ಲೇಪಲ್ ಮೈಕ್ ಆದರೆ ಟ್ರಾನ್ಸ್‌ಮಿಟರಿನಲ್ಲೇ ಧ್ವನಿ ಒಡೆದಿದ್ದರೆ ರೆಕಾರ್ಡರ್ ಅದನ್ನು ಒಡೆದಂತೆಯೇ ಬರೆದಿಡುತ್ತದೆ. 2.4 ಗಿಗಾಹರ್ಟ್ಸ್‌ನ ಅಗ್ಗದ ವೈರ್‌ಲೆಸ್ ಸೆಟ್ಟುಗಳು ವೈ-ಫೈ ಇರುವ ಪಟ್ಟಿಯಲ್ಲೇ ಓಡುತ್ತವೆ. ದಾದರಿನಂಥ ಸ್ಟೇಷನ್ನಿನ ಗಿಜಿಗಿಜಿಯಲ್ಲಿ, ನಡುವೆ ನಾಲ್ಕು ಜನ ಅಡ್ಡ ಬಂದರೆ ಸಾಕು, ಧ್ವನಿ ಕತ್ತರಿಸುತ್ತದೆ. ಅಂಥ ಕಡೆ ಚಿಕ್ಕ ರೆಕಾರ್ಡರ್ ಒಂದನ್ನು ಮಾತಾಡುವವರ ಜೇಬಿನಲ್ಲೇ ಇಟ್ಟು, ಶುರುವಿನಲ್ಲಿ ಒಂದು ಚಪ್ಪಾಳೆ ತಟ್ಟಿಸಿ, ಆಮೇಲೆ ಎಡಿಟಿಂಗ್‌ನಲ್ಲಿ ಕೂಡಿಸುವುದೇ ಕ್ಷೇಮ.

ಲೈಟಿನ ಹುಡುಗರಿಗೆ: ಹಳೆಯ ಚಾಳುಗಳ, ಅಂದರೆ ವಠಾರಗಳ, ವೈರಿಂಗ್ ಮುಟ್ಟುವ ಮೊದಲು ಟೆಸ್ಟರ್ ಹಿಡಿದು ಪ್ರತಿ ಪ್ಲಗ್ಗು ನೋಡಿದಿರಿ, ಅದಕ್ಕೆ ನಾವು ಋಣಿಗಳು. ಸಣ್ಣ 6 ಆಂಪಿಯರ್ ಪ್ಲಗ್ಗಿನಿಂದ 230 ವೋಲ್ಟಿನಲ್ಲಿ ಕಾಗದದ ಮೇಲೆ 1380 ವ್ಯಾಟ್ ಸಿಗುತ್ತದೆ. ಅಷ್ಟು ಎಳೆಯಬೇಡಿ, ಎರಡು 300 ವ್ಯಾಟಿನ ಎಲ್‌ಇಡಿ ಸಾಕು ಎಂದವರು ನೀವು. ಅರ್ಥಿಂಗ್ ಇಲ್ಲದ ಕಡೆ ರೆಕಾರ್ಡರನ್ನು ಬ್ಯಾಟರಿಯಲ್ಲೇ ಓಡಿಸಬೇಕು, ಇಲ್ಲವಾದರೆ 50 ಹರ್ಟ್ಸ್‌ನ ಹಮ್ (ಕರೆಂಟಿನ ಗುಂಯ್ ಸದ್ದು) ಒಳಗೆ ಬರುತ್ತದೆ. ಟ್ಯೂಬ್‌ಲೈಟಿನ ಮಿಣುಕು ತಪ್ಪಿಸಲು ಸೆಕೆಂಡಿಗೆ 25 ಫ್ರೇಮು, 1/50 ಶಟರ್. 24 ಫ್ರೇಮಿನಲ್ಲೇ ತೆಗೆಯಬೇಕಾದರೆ ಶಟರ್ ಕೋನ 172.8 ಡಿಗ್ರಿಗೆ ಇಡಿ, ಅದೂ 1/50ಕ್ಕೇ ಬರುತ್ತದೆ. ಸ್ಟೇಷನ್ನಿನ ಎಲ್‌ಇಡಿ ಇಂಡಿಕೇಟರ್ ಬೋರ್ಡಿಗೆ ಈ ಲೆಕ್ಕ ನಡೆಯದು. ಶಟರನ್ನು ಸ್ವಲ್ಪಸ್ವಲ್ಪವೇ ಬದಲಿಸಿ, ಮಾನಿಟರಿನಲ್ಲಿ ಪಟ್ಟಿ ನಿಂತಾಗ ತೆಗೆಯಬೇಕು.

ಫೂಟೇಜ್ ಕಾದವರಿಗೆ ಎಷ್ಟು ಹೇಳಿದರೂ ಕಡಿಮೆ. ಎಫ್‌ಎಕ್ಸ್30ರಲ್ಲಿ 4ಕೆ, 25 ಫ್ರೇಮಿಗೆ ಎಕ್ಸ್‌ಎವಿಸಿ ಎಸ್-ಐ ಎಂಬ ಫೈಲ್ ಮಾದರಿ 250 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಎಂದರೆ ಗಂಟೆಗೆ 112 ಜಿಬಿಗೂ ಹೆಚ್ಚು. 140 ಎಂಬಿಪಿಎಸ್‌ನ ಎಕ್ಸ್‌ಎವಿಸಿ ಎಸ್ ಆದರೆ 63 ಜಿಬಿ. ಸಂದರ್ಶನ ದೀರ್ಘವಿದ್ದರೆ ಎರಡನೆಯದನ್ನು ಆರಿಸಿ. ಅದರಲ್ಲೂ ಬಣ್ಣದ ವಿವರ ಅಷ್ಟೇ (10 ಬಿಟ್ 4:2:2) ಇರುತ್ತದೆ, ಬಣ್ಣದ ಕೆಲಸಕ್ಕೆ ಧಾರಾಳ. ಎಡಿಟಿಂಗ್ ಕಂಪ್ಯೂಟರ್ ಏದುಸಿರು ಬಿಟ್ಟರೆ ಪ್ರಾಕ್ಸಿ (ಎಡಿಟಿಂಗ್‌ಗೆ ಮಾತ್ರ ಬಳಸುವ ಹಗುರ ಪ್ರತಿ) ಮಾಡಿಕೊಳ್ಳಿ. ಡೊಂಬಿವಲಿಯ ಗೆಳೆಯರೊಬ್ಬರು ಪ್ರತಿ ರಾತ್ರಿ ಕಾರ್ಡುಗಳನ್ನು ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ಸಾಫ್ಟ್‌ವೇರಿನ ಕ್ಲೋನ್ ಟೂಲಿನಲ್ಲಿ ಎರಡು ಡ್ರೈವಿಗೆ ಇಳಿಸಿದರು. ಅದು ಉಚಿತ ಆವೃತ್ತಿಯಲ್ಲೇ ಇದೆ, ಚೆಕ್‌ಸಮ್ (ಮೂಲವೂ ಪ್ರತಿಯೂ ಒಂದೇ ಎಂದು ತೋರಿಸುವ ಲೆಕ್ಕ) ತಾಳೆ ನೋಡುತ್ತದೆ. ಮೌಸಿನಲ್ಲಿ ಎಳೆದು ಬಿಡುವ ಕಾಪಿ ನಡುವೆ ನಿಂತರೂ ಫೈಲಿನ ಹೆಸರು ಮಾತ್ರ ಕಾಣಿಸಿ ಮೋಸ ಮಾಡಬಹುದು. ಇಡೀ ಕಾರ್ಡಿನ ಫೋಲ್ಡರನ್ನು ಹಾಗೇ ಇಳಿಸಬೇಕು, ಬರೀ ಕ್ಲಿಪ್ ಆರಿಸಿ ತೆಗೆಯಬಾರದು. ಜೊತೆಗಿರುವ ಎಕ್ಸ್‌ಎಂಎಲ್ ಫೈಲುಗಳಲ್ಲಿ ಟೈಮ್‌ಕೋಡ್ ಇತ್ಯಾದಿ ವಿವರ ಇರುತ್ತದೆ. ಎರಡು ಕಾಪಿ ತಾಳೆಯಾಗುವವರೆಗೆ ಕಾರ್ಡಿನ ಪಕ್ಕದ ಬೀಗ, ಅಂದರೆ ಅದರ ಮೇಲೆ ಏನೂ ಬರೆಯದಂತೆ ತಡೆಯುವ ಗುಂಡಿ, ಎಳೆದೇ ಇರಬೇಕು. ಒಂದು ಡ್ರೈವು ಡೊಂಬಿವಲಿಯಲ್ಲಿ, ಇನ್ನೊಂದು ಗೋರೆಗಾಂವ್‌ನಲ್ಲಿ: ಒಂದೇ ಮಳೆಗೆ ಎರಡೂ ನೀರಲ್ಲಿ ಮುಳುಗಬಾರದೆಂಬ ಎಚ್ಚರ ಅವರದು.

ಮಳೆಗಾಲದ ನಾಲ್ಕು ತಿಂಗಳು ತಮ್ಮ ಡ್ರೈ ಕ್ಯಾಬಿನೆಟ್ಟಿನಲ್ಲಿ (ತೇವ ಹಿಡಿತದಲ್ಲಿಡುವ ಕಪಾಟು) ನಮ್ಮ ಲೆನ್ಸುಗಳಿಗೆ ಜಾಗ ಕೊಟ್ಟ ಮುಲುಂಡಿನ ದಂಪತಿಗೆ ವಂದನೆ. ಒಳಗಿನ ತೇವ ಶೇ. 40ರಿಂದ 50 ಇರಬೇಕು. ತೀರಾ ಒಣಗಿಸಿದರೆ ರಬ್ಬರು, ಗ್ರೀಸು ಒಣಗುತ್ತವೆ. ಕ್ಯಾಬಿನೆಟ್ ಇಲ್ಲದವರು ರಬ್ಬರ್ ಪಟ್ಟಿಯ ಬಿಗಿಮುಚ್ಚಳದ ಡಬ್ಬಿ, ಬಣ್ಣ ಬದಲಿಸುವ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಹೈಗ್ರೋಮೀಟರ್ ಇಟ್ಟುಕೊಳ್ಳಿ. ಜೆಲ್ಲಿನ ಬಣ್ಣ ತಿರುಗಿದಾಗ ಅವನ್‌ನಲ್ಲಿ ಸುಮಾರು 120 ಡಿಗ್ರಿಗೆ ಒಂದೆರಡು ಗಂಟೆ ಕಾಯಿಸಿದರೆ ಮತ್ತೆ ಬಳಕೆಗೆ ಬರುತ್ತದೆ. ಎಸಿ ಕೋಣೆಯಿಂದ ಹೊರಗೆ ಒಯ್ದಾಗ ಬ್ಯಾಗಿನ ಜಿಪ್ ಅರ್ಧ ಗಂಟೆ ತೆರೆಯಬೇಡಿ, ಗಾಜಿನ ಮೇಲೆ ಮಂಜು ಕಟ್ಟುತ್ತದೆ. ವರ್ಸೋವಾ ಕಡಲತೀರದಿಂದ ಬಂದ ಟ್ರೈಪಾಡಿನ ಕಾಲುಗಳನ್ನು ಅಂದೇ ಸಿಹಿನೀರಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ, ಬಿಚ್ಚಿ ಒಣಗಿಸಬೇಕು.

ಮಾಟುಂಗದ ಸಭಾಂಗಣದ ಪ್ರೊಜೆಕ್ಟರ್ ನಡೆಸಿದವರಿಗೂ ಥ್ಯಾಂಕ್ಸ್. ಉದ್ದನೆಯ ಮಾಮೂಲಿ ಎಚ್‌ಡಿಎಂಐ ಕೇಬಲ್ ಬೇಡವೆಂದು ಹಿಂದಿನ ದಿನವೇ ಆಪ್ಟಿಕಲ್ ಕೇಬಲ್ ಎಳೆಸಿ, ಚಿತ್ರವನ್ನು ಮೊದಲಿಂದ ಕೊನೆವರೆಗೆ ಓಡಿಸಿ ನೋಡಿದವರು ಅವರು.

ರಾತ್ರಿಶಾಲೆಯ ಮೇಷ್ಟ್ರುಗಳಿಗೆ, ಹಳೆಯ ವಿದ್ಯಾರ್ಥಿಗಳಿಗೆ: ಮೈಕಿನ ತಂತಿಯನ್ನು ಅಂಗಿಯೊಳಗೆ ಎಳೆಸಿಕೊಂಡು, ಸೆಕೆಯಲ್ಲಿ ಫ್ಯಾನು ಆರಿಸಿಕೊಂಡು ಗಂಟೆಗಟ್ಟಲೆ ಮಾತಾಡಿದಿರಿ. ನಿಮ್ಮ ಸಂದರ್ಶನಗಳ ಪೂರ್ತಿ ಕಾಪಿ, ಎಡಿಟ್ ಮಾಡದ್ದು, ಒಬ್ಬೊಬ್ಬರಿಗೂ ಪೆನ್‌ಡ್ರೈವಿನಲ್ಲಿ ತಲುಪಿಸುತ್ತೇವೆ.

ನಮ್ಮ ಟ್ರೈಪಾಡ್, 416, ಎಫ್6 ಮತ್ತು ಎಫ್‌ಎಕ್ಸ್30 ಸದ್ಯ ಬಿಡುವಾಗಿವೆ. ಮುಂಬಯಿ, ಠಾಣೆ, ಕಲ್ಯಾಣ್ ಕಡೆ ಮೊದಲ ಚಿತ್ರ ಮಾಡುತ್ತಿರುವ ಕನ್ನಡದ ಹುಡುಗರು ಕೇಳಿ ಒಯ್ಯಿರಿ, ಬಾಡಿಗೆ ಬೇಡ. ಮರಳಿಸುವಾಗ ಬ್ಯಾಟರಿಗಳನ್ನು ಅರ್ಧ ಚಾರ್ಜಿನಲ್ಲಿ ಕೊಡಿ, ಕಾರ್ಡನ್ನು ಕಂಪ್ಯೂಟರಿನಲ್ಲಲ್ಲ, ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ ಕೊಡಿ. ಏನಾದರೂ ಸಡಿಲವಾಗಿದ್ದರೆ, ಸದ್ದು ಬಂದಿದ್ದರೆ ಒಂದು ಚೀಟಿಯಲ್ಲಿ ಬರೆದು ಬ್ಯಾಗಿನೊಳಗೆ ಇಡಿ. ಮುಂದಿನವರು ಒಯ್ಯುವ ಮೊದಲು ರಿಪೇರಿ ಮಾಡಿಸುತ್ತೇವೆ.