ದೋಣಿಯ ಮೊದಲ ಸುತ್ತು

ಉಡುಪಿ
ಏಪ್ರಿಲ್ 18

ಚಿ. ಪುಟ್ಟಿಗೆ,

ನಿನ್ನ ದೊಡ್ಡಮಾವನ ಆಶೀರ್ವಾದಗಳು. ಇಲ್ಲಿ ನಾವೆಲ್ಲರೂ ಕ್ಷೇಮ. ಸೆಕೆಯೊಂದನ್ನು ಬಿಟ್ಟರೆ ದೂರುವುದಕ್ಕೆ ಏನೂ ಇಲ್ಲ. ಮೇ ತಿಂಗಳಲ್ಲಿ ಕುಟುಂಬದವರೆಲ್ಲ ಸೇರಿ ವರಂಗದ ಕೆರೆ ಬಸದಿಗೆ ಹೋಗುವುದೆಂದು ನೀನು ಸಿದ್ಧಪಡಿಸಿದ ಪಟ್ಟಿಯನ್ನು ನಿನ್ನ ಅತ್ತೆ ಮೊಬೈಲಿನಲ್ಲಿ ತೋರಿಸಿದಳು. ಅಷ್ಟು ಸಣ್ಣ ಅಕ್ಷರ ನನ್ನ ಕಣ್ಣಿಗೆ ಹತ್ತದ ಕಾರಣ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತರಿಸಿಕೊಂಡು, ಎರಡು ದಿನ ಮೇಜಿನ ಮೇಲಿಟ್ಟುಕೊಂಡು ಓದಿದ್ದೇನೆ. ಎಂಬತ್ತೆರಡು ವರ್ಷದ ನಿನ್ನ ದೊಡ್ಡಮ್ಮನಿಂದ ಹಿಡಿದು ಏಳು ತಿಂಗಳ ಕೂಸಿನವರೆಗೆ ಮೂವತ್ತಾರು ಮಂದಿಯ ಹೆಸರನ್ನು ಒಂದೂ ಬಿಡದೆ ಬರೆದಿರುವೆ. ಈ ಮನೆಯಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾರೂ ಇದುವರೆಗೆ ಪ್ರವಾಸವನ್ನು ಯೋಜಿಸಿರಲಿಲ್ಲ. ಆದರೂ ಪಟ್ಟಿಯಲ್ಲಿ ಒಂದು ಸಾಲಿನ ಮುಂದೆ ನನ್ನ ಕಣ್ಣು ನಿಂತುಬಿಟ್ಟಿತು. 'ಕೆರೆ ಬಸದಿ, 45 ನಿಮಿಷ' ಎಂಬ ಸಾಲು ಅದು.

ಅಲ್ಲಿಗೆ ಸೇತುವೆ ಇಲ್ಲವೆಂಬುದು ನಿನಗೆ ಗೊತ್ತೇ ಇದೆ. ಕೆರೆಯ ನಡುವೆ ಬಸದಿಯೊಂದೇ ನಿಂತಿದೆ, ದಡದಿಂದ ಸಣ್ಣ ದೋಣಿಯಲ್ಲಿ ಹೋಗಿ ಬರಬೇಕು. ಎಂಟೊಂಬತ್ತು ಮಂದಿ ಕುಳಿತರೆ ದೋಣಿ ತುಂಬಿತು. ಮೂವತ್ತಾರು ಮಂದಿಗೆ ನಾಲ್ಕೈದು ಸುತ್ತು ಬೇಕು, ಬೇರೆ ಊರಿನ ಭಕ್ತರು ಬಂದಿದ್ದರೆ ಅವರ ಸರದಿಯೂ ನಡುವೆ ಸೇರುತ್ತದೆ. ಚತುರ್ಮುಖ ಬಸದಿಯಾದ್ದರಿಂದ ಒಳಗೆ ಹೋದವರು ಒಂದು ಕಡೆ ಕೈಮುಗಿದು ಹೊರಡುವ ಹಾಗಿಲ್ಲ. ಪಾರ್ಶ್ವನಾಥ, ನೇಮಿನಾಥ, ಶಾಂತಿನಾಥ, ಅನಂತನಾಥರು ನಾಲ್ಕು ದಿಕ್ಕಿಗೆ ಮುಖಮಾಡಿ ಇದ್ದಾರೆ. ಪದ್ಮಾವತಿ ಅಮ್ಮನ ಎದುರು ಹರಕೆ ಹೇಳಿಕೊಳ್ಳುವವರು ನಮ್ಮಲ್ಲಿಯೇ ಐದಾರು ಮಂದಿ ಇದ್ದಾರೆ, ಅವರನ್ನು ಗಡಿಯಾರ ತೋರಿಸಿ ಎಬ್ಬಿಸುವುದಕ್ಕೆ ನಿನ್ನಿಂದ ಆಗದು. ಆದುದರಿಂದ 45 ನಿಮಿಷವನ್ನು ಹೊಡೆದುಹಾಕಿ ಅಲ್ಲಿ 'ಬೆಳಗಿನ ಹೊತ್ತು ಪೂರ್ತಿ' ಎಂದು ಬರೆ. ಅದಕ್ಕಾಗಿ ಅದೇ ದಿನ ಸೇರಿಸಿರುವ ಕಾರ್ಕಳದ ಗೊಮ್ಮಟ ಬೆಟ್ಟವನ್ನೂ ಮೂಡುಬಿದಿರೆಯ ಸಾವಿರ ಕಂಬದ ಬಸದಿಯನ್ನೂ ಬಿಡಬೇಕಾಗುತ್ತದೆ. 1432ರಲ್ಲಿ ನಿಂತ ಬಾಹುಬಲಿ ಮುಂದಿನ ವರ್ಷವೂ ಅಲ್ಲಿಯೇ ಇರುತ್ತಾನೆ, ಮೊಣಕಾಲು ನೋವಿನವರನ್ನು ಮೇ ತಿಂಗಳ ಬಿಸಿಲಿನಲ್ಲಿ ಆ ಬಂಡೆಯ ಮೆಟ್ಟಿಲು ಹತ್ತಿಸುವ ಅಗತ್ಯವಿಲ್ಲ.

ಇಷ್ಟನ್ನು ಹೇಳುವುದಕ್ಕೆ ನನಗೆ ಕಾರಣವಿದೆ. ಇಪ್ಪತ್ತೆಂಟು ವರ್ಷಗಳ ಹಿಂದೆ ಇದೇ ವರಂಗಕ್ಕೆ ಇಪ್ಪತ್ತೈದು ಮಂದಿಯನ್ನು ಕರೆದುಕೊಂಡು ಹೋದವನು ನಾನು. ಆಗ ನಿನಗೆ ಆರು ವರ್ಷ. ದಡಕ್ಕೆ ಬಂದು ನಿಂತೊಡನೆ ಮಕ್ಕಳು ದೋಣಿಗೆ ಮುಗಿಬಿದ್ದರು, ಮಕ್ಕಳ ಹಿಂದೆ ಅವರ ತಾಯಂದಿರು ಹೋದರು, ನಂತರ ಮುಂಬಯಿಯಿಂದ ಬಂದವರು 'ನಮಗೆ ಸಂಜೆಯ ರೈಲಿದೆ' ಎಂದರು. ನನ್ನ ತಾಯಿ, ಎಂದರೆ ನಿನ್ನ ಅಜ್ಜಿ, 'ನನಗೆ ಅವಸರವಿಲ್ಲ, ನೀವು ಹೋಗಿ ಬನ್ನಿ, ನಾನು ಚೀಲ ನೋಡಿಕೊಳ್ಳುತ್ತೇನೆ' ಎಂದು ಮರದ ನೆರಳಿನಲ್ಲಿ ಕುಳಿತರು. ಮಕ್ಕಳು ಅತ್ತು ಎರಡನೆಯ ಸಲ ದೋಣಿ ಹತ್ತಿದರು, ನಾನೇ ಹತ್ತಿಸಿದೆ. ಕೊನೆಯ ಸುತ್ತಿಗೆ ಅಮ್ಮನನ್ನು ಕರೆಯಲು ಹೋಗುವಷ್ಟರಲ್ಲಿ ಆಗುಂಬೆಯ ಕಡೆಯಿಂದ ಮೋಡ ಏರಿ ಬಂದು, ಗುಡುಗು ಕೇಳಿ, ದೋಣಿಯವರು ಹಗ್ಗ ಕಟ್ಟಿಬಿಟ್ಟರು. ಅವರು ಮಾಡಿದ್ದು ಸರಿಯೇ.

ನಾನು ಹತ್ತಿರ ಹೋದಾಗ ಅಮ್ಮ ಇಪ್ಪತ್ತೈದು ಜನರ ಚಪ್ಪಲಿಗಳನ್ನು ಜೋಡಿ ಜೋಡಿಯಾಗಿ, ಅಕ್ಕನ ಮನೆಯವರದು ಒಂದು ಸಾಲು, ತಂಗಿಯ ಮನೆಯವರದು ಇನ್ನೊಂದು ಸಾಲು ಎಂಬಂತೆ, ಮಣ್ಣು ಕೊಡವಿ ಇಟ್ಟಿದ್ದರು. ನಿನ್ನ ಕೆಂಪು ಚಪ್ಪಲಿಯ ಕಿತ್ತುಹೋದ ಪಟ್ಟಿಗೆ ತಮ್ಮ ಸೆರಗಿನಲ್ಲಿದ್ದ ಪಿನ್ನನ್ನು ಚುಚ್ಚಿದ್ದರು. 'ಮಳೆ ಬರುತ್ತದೆ, ಮಕ್ಕಳನ್ನು ಗಾಡಿಗೆ ಹತ್ತಿಸು' ಎಂದರು, ಅಷ್ಟೇ. ಬಸದಿಯ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ವರ್ಷ ಕರೆದುಕೊಂಡು ಹೋದರಾಯಿತು ಎಂದುಕೊಂಡಿದ್ದೆ. ಮುಂದಿನ ಬೇಸಗೆಗೆ ಅವರಿಗೆ ಅಂಗಳ ಇಳಿಯುವುದೂ ಕಷ್ಟವಾಗಿತ್ತು.

ಆ ಕೆಂಪು ಚಪ್ಪಲಿಯ ಮಾತನ್ನು ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ತಪ್ಪು ಆರು ವರ್ಷದ ಹುಡುಗಿಯದಲ್ಲ, ಸರದಿಯನ್ನು ನಿರ್ಧರಿಸಬೇಕಾಗಿದ್ದ ನನ್ನದು. ನಮ್ಮ ಮನೆಗಳಲ್ಲಿ ವಯಸ್ಸಾದ ಹೆಂಗಸರು 'ನನಗೆ ಬೇಡ' ಎನ್ನುವುದನ್ನು ನಾವು ಅನುಕೂಲಕ್ಕೆ ತಕ್ಕಂತೆ ನಂಬುತ್ತೇವೆ. ಊಟಕ್ಕೆ ಕುಳಿತಾಗ 'ಸಾಕು' ಎಂದರೆ ಒತ್ತಾಯಿಸಿ ಇನ್ನೊಂದು ಸೌಟು ಬಡಿಸುವ ನಾವು, ದೋಣಿಯ ವಿಷಯದಲ್ಲಿ ಮಾತ್ರ ಒಂದೇ ಮಾತಿಗೆ ಒಪ್ಪಿಬಿಡುತ್ತೇವೆ. ನಿನ್ನ ದೊಡ್ಡಮ್ಮನೂ ಈಗಾಗಲೇ ಫೋನಿನಲ್ಲಿ 'ನಾನು ದಡದಲ್ಲಿ ಕೂತಿರುತ್ತೇನೆ' ಎಂದು ಶುರುಮಾಡಿದ್ದಾಳೆ. ಆ ಮಾತಿಗೆ ಕಿವಿಗೊಡಬೇಡ. ಮೊದಲ ಸುತ್ತಿನಲ್ಲಿ ಅವಳು, ನಿನ್ನ ಚಿಕ್ಕಮ್ಮಂದಿರಿಬ್ಬರು, ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವ ನಿನ್ನ ಚಿಕ್ಕಪ್ಪ, ಇವರೊಂದಿಗೆ ಗಟ್ಟಿ ಕೈಯ ಹುಡುಗರು ಇಬ್ಬರು ಇರಲಿ. ಮೊದಲ ಸುತ್ತಿನಲ್ಲಿ ಆರು ಮಂದಿ ಸಾಕು. ಇವರು ನಿಧಾನವಾಗಿ ಇಳಿದು, ನಿಧಾನವಾಗಿ ನೋಡಿ ಬರಲಿ, ಉಳಿದ ಸುತ್ತುಗಳು ತಾವಾಗಿ ಸರಿಹೋಗುತ್ತವೆ.

ದೋಣಿ ಹತ್ತಿಸುವುದಕ್ಕೂ ಒಂದು ಕ್ರಮವಿದೆ. ಅಂಚಿಗೆ ಕಾಲಿಟ್ಟರೆ ದೋಣಿ ಓಲುತ್ತದೆ, ಹೆದರಿದವರು ನಿಂತಲ್ಲಿಯೇ ನಿಂತುಬಿಡುತ್ತಾರೆ. ಹೆಜ್ಜೆಯನ್ನು ದೋಣಿಯ ನಡುಮಧ್ಯಕ್ಕೆ ಇಡಿಸಿ, ಇಟ್ಟೊಡನೆ ಕುಳ್ಳಿರಿಸಬೇಕು. ದಡದಲ್ಲಿ ಒಬ್ಬ, ದೋಣಿಯಲ್ಲಿ ಒಬ್ಬ ಕೈಹಿಡಿಯಲಿ. ಭಾರ ಎರಡೂ ಬದಿಗೆ ಸಮನಾಗಿರಬೇಕು, ಫೋಟೋಕ್ಕಾಗಿ ಯಾರೂ ಏಳಬಾರದು. ಎಲ್ಲರ ಅಳತೆಗೆ ಲೈಫ್ ಜಾಕೆಟ್ ದೊರೆಯುವುದೇ ಎಂದು ಮೊದಲೇ ವಿಚಾರಿಸಿ, ಮಕ್ಕಳಿಗೆ ಸಾಲದಿದ್ದರೆ ಇಲ್ಲಿಂದಲೇ ಒಯ್ಯೋಣ. ದಡದಲ್ಲಿ ಕಾಯುವ ಮಕ್ಕಳ ಮೇಲೆ ಕಣ್ಣಿಡುವುದಕ್ಕೆ 'ಎಲ್ಲರೂ ಇದ್ದಾರಲ್ಲ' ಎಂದು ಬಿಡಬೇಡ. ಎಲ್ಲರೂ ಇದ್ದಲ್ಲಿ ಯಾರೂ ನೋಡುವುದಿಲ್ಲ. ನೀರಿಗೆ ಬಿದ್ದ ಮಗು ಕೂಗುವುದೂ ಇಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಇಪ್ಪತ್ತು ನಿಮಿಷಕ್ಕೊಬ್ಬರಂತೆ ಹೆಸರು ಹೇಳಿ ನೇಮಿಸು, ಆ ಹೊತ್ತಿನಲ್ಲಿ ಅವರ ಕೈಯಲ್ಲಿ ಮೊಬೈಲ್ ಇರಬಾರದು.

ಮಕ್ಕಳಿಗೆ ಇನ್ನೊಂದನ್ನು ಈಗಲೇ ತಿಳಿಸಬೇಕು. ಕೆರೆಯ ನಡುವಿನ ಜಾಗ ಎಂದೊಡನೆ ಅವರು ಮಲ್ಪೆಯಿಂದ ಹೋಗುವ ಸೇಂಟ್ ಮೇರೀಸ್ ದ್ವೀಪವನ್ನು ನೆನೆಸಿಕೊಂಡು ಓಟ, ಆಟ, ಸ್ನಾನ ಎಂದು ಕುಣಿಯುತ್ತಿದ್ದಾರೆ. ವರಂಗದಲ್ಲಿ ಓಡಾಡುವುದಕ್ಕೆ ಮರಳಿಲ್ಲ, ಬಸದಿಯ ಸುತ್ತ ನೀರೇ. ಅದು ಪೂಜೆ ನಡೆಯುವ ಸ್ಥಳ, ಈಜುವ ಕೆರೆಯಲ್ಲ. ಕಾಯುವ ಹೊತ್ತಿಗೆ ಅವರನ್ನು ದಡದಲ್ಲಿಯೇ ಇರುವ ನೇಮಿನಾಥ ಬಸದಿಗೆ ಕರೆದುಕೊಂಡು ಹೋಗು. ವಿಜಯನಗರದ ದೇವರಾಯ 1424ರಲ್ಲಿ ವರಂಗ ಗ್ರಾಮವನ್ನೇ ಆ ನೇಮಿನಾಥನಿಗೆ ದತ್ತಿಯಾಗಿ ಬಿಟ್ಟನೆಂದು ಹೇಳು. ಊರನ್ನೇ ಉಡುಗೊರೆ ಕೊಡುವುದು ಹೇಗೆ ಎಂದು ಯಾವನಾದರೂ ಕೇಳಿದರೆ ನನ್ನ ಬಳಿಗೆ ಕಳುಹಿಸು, ಅರ್ಧ ಗಂಟೆ ನಾನು ಹಿಡಿದಿಡುತ್ತೇನೆ.

ದಿನದ ವಿಷಯ. ನೀನು ಮೇ ತಿಂಗಳ ಕೊನೆಯ ಭಾನುವಾರ ಇಟ್ಟಿರುವೆ. ನೇಮ, ಯಕ್ಷಗಾನಗಳೆಲ್ಲ ಆ ವರ್ಷಕ್ಕೆ ಮುಗಿಯುವ ಪತ್ತನಾಜೆಯ ದಿನ ಕಳೆದ ಮೇಲೆ ಬಿಡುವು ಎಂಬ ನಿನ್ನ ಲೆಕ್ಕ ನನಗೆ ಅರ್ಥವಾಗುತ್ತದೆ, ಅದಕ್ಕೆ ಮೊದಲು ಎಲ್ಲರಿಗೂ ಒಂದಲ್ಲ ಒಂದು ದೈವದ ನೇಮವೋ ಕೊನೆಯ ಯಕ್ಷಗಾನದ ಬಯಲಾಟವೋ ಇದ್ದೇ ಇರುತ್ತದೆ. ಆದರೂ ಎರಡನೆಯ ಭಾನುವಾರಕ್ಕೆ ಹಿಂದೆ ತಾ. ಜೂನ್ ಮೊದಲ ವಾರಕ್ಕೆ ಮುಂಗಾರು ಬರುವ ಊರು ನಮ್ಮದು, ವರಂಗವಂತೂ ಘಟ್ಟದ ಬುಡ. ತಿಂಗಳು ಮುಗಿಯುತ್ತ ಬಂದಂತೆ ಮಧ್ಯಾಹ್ನದ ಗುಡುಗು ಮಳೆ ಹೆಚ್ಚುತ್ತದೆ. ಯಾವ ದಿನವಾದರೂ ಬೆಳಿಗ್ಗೆ ಆರಕ್ಕೆ ಉಡುಪಿ ಬಿಟ್ಟು, ಹಿರಿಯಡ್ಕ, ಪೆರ್ಡೂರು ದಾಟಿ, ಹೆಬ್ರಿಯಲ್ಲಿ ಕಾರ್ಕಳದ ದಾರಿಗೆ ತಿರುಗಿ, ಹನ್ನೆರಡರೊಳಗೆ ದೋಣಿಯ ಕೆಲಸ ಮುಗಿಸಬೇಕು. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಎಂದರ್ಥ. ಆಮೇಲೆ ಯಾರ ಸರದಿ ಉಳಿದಿದ್ದರೂ ದೋಣಿ ಬೇಡ, ಮರದಡಿ ನಿಲ್ಲುವುದೂ ಬೇಡ, ಬಸ್ಸಿನೊಳಗೆ ಕುಳಿತು ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಬೇಕು. ಮುಂಬಯಿಯಿಂದ ರಾತ್ರಿಯಿಡೀ ಮತ್ಸ್ಯಗಂಧ ರೈಲಿನಲ್ಲಿ ಬರುವವರನ್ನು ಸ್ಟೇಷನ್ನಿನಿಂದ ನೇರವಾಗಿ ಹೊರಡಿಸಬೇಡ, ಅವರು ಹಿಂದಿನ ದಿನವೇ ಬಂದು ಮಲಗಲಿ.

ಊಟದ ಜವಾಬ್ದಾರಿ ನಿನ್ನ ಅತ್ತೆಯದು. ಬಸದಿಯ ಊರಿಗೆ ಹೋಗುವಾಗ ಮೀನು, ಮೊಟ್ಟೆ, ಕೋಳಿ ಬಸ್ಸಿನೊಳಗೂ ಬೇಡ. ಕೋರಿರೊಟ್ಟಿ ಹಿಂದಿನ ರಾತ್ರಿಯೇ ಮುಗಿಯಲಿ. ತೆಂಗಿನಕಾಯಿ ಚಟ್ನಿ ಈ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಬೆಳಿಗ್ಗೆ ಎಲೆಯಲ್ಲಿ ಬೇಯಿಸಿದ ಕಡುಬು ಮೂಡೆಗೆ ಮಿಡಿ ಉಪ್ಪಿನಕಾಯಿ, ಮಧ್ಯಾಹ್ನಕ್ಕೆ ಪುಳಿಯೋಗರೆ, ಕುಡಿಯಲು ಪುನರ್ಪುಳಿ ಶರಬತ್ತು ಸಾಕು. ದೊಡ್ಡಮ್ಮನ ಇನ್ಸುಲಿನ್ ಬಿಸಿಲಲ್ಲಿ ನಿಂತ ಬಸ್ಸಿನಲ್ಲಿ ಉಳಿಯಬಾರದು, ತಂಪಿನ ಡಬ್ಬಿಯಲ್ಲಿ ನಿನ್ನ ಕೈಯಲ್ಲಿಯೇ ಇರಲಿ.

ಖರ್ಚನ್ನು ತಲೆಗಿಷ್ಟು ಎಂದು ಮೊಬೈಲಿನ ಕುಟುಂಬದ ಗುಂಪಿನಲ್ಲಿ ಹಾಕಿರುವುದನ್ನು ಇಂದೇ ತೆಗೆದುಬಿಡು. ಆರು ಮಂದಿಯ ಸಂಸಾರಕ್ಕೂ ಇಬ್ಬರ ಸಂಸಾರಕ್ಕೂ ಆ ಲೆಕ್ಕ ಒಂದೇ ಆಗದು, ಒಬ್ಬರು 'ಆ ದಿನ ಬೇರೆ ಕೆಲಸವಿದೆ' ಎಂದು ನಿನ್ನೆಯೇ ಹೇಳಿಯಾಯಿತು. ಯಾರೆಂದು ನಿನಗೆ ತಿಳಿಯುತ್ತದೆ. ಬಸ್ಸಿನ ಬಾಡಿಗೆ ನಾನು ಕೊಡುತ್ತೇನೆ, ಉಳಿದುದನ್ನು ಕೈಲಾದವರಿಂದ ಒಬ್ಬೊಬ್ಬರಾಗಿ ಕೇಳು. ಬೇರೆ ಕೆಲಸವಿದೆ ಎಂದವರಿಗೆ ನೀನೇ ಫೋನು ಮಾಡಿ, ಹಣದ ಮಾತೆತ್ತದೆ, ಕರೆ.

ನಾನು ಕೊನೆಯ ಸುತ್ತಿನಲ್ಲಿ ಬರುತ್ತೇನೆ. ಅಲ್ಲಿಯವರೆಗೆ ಚೀಲ, ಚಪ್ಪಲಿಗಳ ಬಳಿ ನಾನು ಇರುತ್ತೇನೆ, ಅದಕ್ಕೆ ಬೇರೆ ಯಾರನ್ನೂ ನೇಮಿಸಬೇಡ. ಬಸ್ಸಿನ ಮೊದಲ ಮೆಟ್ಟಿಲು ಎತ್ತರವಾಗಿರುವುದರಿಂದ ನಮ್ಮ ಜಗಲಿಯ ಮಣೆಯನ್ನು ಒಯ್ಯಬೇಕೆಂದಿದ್ದೇನೆ, ಡ್ರೈವರ್ ಸೀಟಿನ ಹಿಂದೆ ಅದಕ್ಕೆ ಜಾಗ ಇದೆಯೇ ಎಂದು ಕೇಳಿ ತಿಳಿಸು.

ಇತಿ,
ನಿನ್ನ ದೊಡ್ಡಮಾವ